ನುಡಿಸಬಾರದ ಗಿಟಾರು

ವಾದ್ಯವನ್ನು ನುಡಿಸುವುದಕ್ಕಲ್ಲ, ನುಡಿಸದೆ ಇಡುವುದಕ್ಕಾಗಿಯೇ ಲಕ್ಷಗಟ್ಟಲೆ ಸುರಿದು ಕೊಳ್ಳುವ ಜನ ಈ ಪ್ರಪಂಚದಲ್ಲಿದ್ದಾರೆ. ಅವರನ್ನು ಸಂಗ್ರಾಹಕರು ಎನ್ನುತ್ತಾರೆ, ರಸಿಕರು ಎಂದೂ ಎನ್ನುತ್ತಾರೆ. ನಾನು ಬೇರೆ ಏನೋ ಅನ್ನುತ್ತೇನೆ, ಆದರೆ ಅದು ಅಚ್ಚಿನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಹೆಸರಾಂತ ಹಾಡುಗಾರರು ರುಜು ಹಾಕಿದ ಗಿಟಾರುಗಳನ್ನು ಕೂಡಿಡುವ ಹುಚ್ಚು ದೊಡ್ಡ ವ್ಯಾಪಾರವಾಗಿ ಬೆಳೆದು ನಿಂತಿದೆ. ಅದಕ್ಕೆ ದಲ್ಲಾಳಿಗಳಿದ್ದಾರೆ, ಹರಾಜಿನ ಮನೆಗಳಿವೆ, ರುಜು ಅಸಲಿಯೋ ನಕಲಿಯೋ ಎಂದು ಹೇಳಿ ಶುಲ್ಕ ವಸೂಲು ಮಾಡುವ ಪಂಡಿತರಿದ್ದಾರೆ. ನಮಗೇನಮ್ಮ ಅದರ ಗೊಡವೆ ಎಂದು ನೀವು ಕೇಳಬಹುದು. ದುಡಿದವರು ಯಾರು, ಹೆಸರು ಯಾರದು ಎಂಬ ಪ್ರಶ್ನೆ ಎಲ್ಲೆಲ್ಲಿ ಏಳುತ್ತದೆಯೋ ಅಲ್ಲೆಲ್ಲ ಹೆಂಗಸರಿಗೆ ಗೊಡವೆ ಇದ್ದೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆಲೆ ಹೇಗೆ ಹುಟ್ಟುತ್ತದೆ ಎಂದು ನೋಡೋಣ. 2004ರ ಡಿಸೆಂಬರ್ 26ರ ಸುನಾಮಿ ನಿಮಗೆ ನೆನಪಿರಬೇಕು. ನಮ್ಮ ಪಕ್ಕದ ತಮಿಳುನಾಡಿನ ನಾಗಪಟ್ಟಣಂ ಕರಾವಳಿ ಕೊಚ್ಚಿಹೋದದ್ದು ಆಗಲೇ. ಆ ಸಂತ್ರಸ್ತರ ನಿಧಿಗೆಂದು ಬ್ರಯಾನ್ ಆಡಮ್ಸ್ ಎಂಬ ಹಾಡುಗಾರ ಒಂದು ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಮೇಲೆ ತನ್ನ ಗೆಳೆಯರ ಕೈಲೆಲ್ಲ ರುಜು ಹಾಕಿಸಿದ. ಪಾಲ್ ಮೆಕಾರ್ಟ್ನಿ, ಮಿಕ್ ಜಾಗರ್, ಕೀತ್ ರಿಚರ್ಡ್ಸ್, ಎರಿಕ್ ಕ್ಲಾಪ್ಟನ್, ಜಿಮ್ಮಿ ಪೇಜ್, ಡೇವಿಡ್ ಗಿಲ್ಮೋರ್, ಸ್ಟಿಂಗ್, ಹೀಗೆ ಹದಿನೈದಕ್ಕೂ ಮೀರಿದ ಹೆಸರುಗಳು. 2005ರಲ್ಲಿ ಕತಾರ್ ದೇಶದ ದೋಹಾದಲ್ಲಿ ಅದು 27 ಲಕ್ಷ ಡಾಲರಿಗೆ ಹೋಯಿತು. ಆ ಗಿಟಾರಿನಿಂದ ಯಾವ ಹೆಸರಾಂತ ಹಾಡೂ ಹುಟ್ಟಿರಲಿಲ್ಲ. ಅಂಗಡಿಯಲ್ಲಿ ನೇತುಹಾಕಿರುವ ಅದರ ಒಡಹುಟ್ಟುಗಳಿಗೂ ಅದಕ್ಕೂ ಇದ್ದ ವ್ಯತ್ಯಾಸ ಕೆಲವು ಹನಿ ಶಾಯಿ, ಅಷ್ಟೇ. ರುಜು ಹಾಕಿದವರ ಪಟ್ಟಿಯನ್ನು ಎರಡು ಸಲ ಓದಿದೆ. ಒಬ್ಬ ಹೆಂಗಸಿನ ಹೆಸರೂ ಅದರಲ್ಲಿ ನನಗೆ ಸಿಗಲಿಲ್ಲ.

ಮನೆ ಕಳೆದುಕೊಂಡವರಿಗೆ ದುಡ್ಡು ಯಾವ ದಾರಿಯಿಂದ ಬಂದರೂ ದುಡ್ಡೇ. ಅಲ್ಲಿ ನನ್ನ ತಕರಾರಿಲ್ಲ. ಆದರೆ ಆ ಒಂದು ಗಿಟಾರಿನ ಹೆಸರು ಹೇಳಿಕೊಂಡು, ದಾನದ ಮಾತೇ ಇಲ್ಲದ ಸಾವಿರ ಗಿಟಾರುಗಳು ಪೇಟೆಗೆ ಬರುತ್ತವಲ್ಲ, ಅಲ್ಲಿದೆ ತಕರಾರು.

ಪೇಟೆಯ ರೀತಿನೀತಿ ವಿಚಿತ್ರವಾಗಿದೆ. ಸತ್ತವನ ರುಜುವಿಗೆ ಬದುಕಿರುವವನದಕ್ಕಿಂತ ಬೆಲೆ ಜಾಸ್ತಿ. ತಂಡದ ನಾಲ್ವರೂ ಹಾಕಿದ್ದರೆ ಒಬ್ಬನೇ ಹಾಕಿದ್ದಕ್ಕಿಂತ ಜಾಸ್ತಿ. ರುಜು ಹಾಕುವಾಗ ತೆಗೆದ ಫೋಟೋ ಜೊತೆಗಿದ್ದರೆ ಮತ್ತಷ್ಟು. ಗಿಟಾರಿನ ಮರದ ಮೇಲೆಯೇ ಹಾಕಿದ್ದರೆ ಒಂದು ಲೆಕ್ಕ, ಪಿಕ್‌ಗಾರ್ಡಿನ ಮೇಲೆ ಹಾಕಿದ್ದರೆ ಇನ್ನೊಂದು ಲೆಕ್ಕ. ಪಿಕ್‌ಗಾರ್ಡ್ ಎಂದರೆ ಮರಕ್ಕೆ ಗೀರು ಬೀಳದಿರಲೆಂದು ತಂತಿಗಳ ಬಳಿ ಕೂರಿಸುವ ತೆಳು ಹಲಗೆ. ವಿದ್ಯುತ್ ಗಿಟಾರಿನಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ತಿರುಪು ಬಿಚ್ಚಿದರೆ ಕೈಗೆ ಬರುತ್ತದೆ. ಹುಷಾರಿ ವ್ಯಾಪಾರಿಗಳು ಬರೀ ಹಲಗೆಯನ್ನೇ ಹಿಡಿದುಕೊಂಡು ಹೋಗಿ ಹೋಟೆಲಿನ ಬಾಗಿಲಲ್ಲಿ ಕಾದು ರುಜು ಹಾಕಿಸಿಕೊಂಡು, ಆಮೇಲೆ ಎಲ್ಲಕ್ಕಿಂತ ಅಗ್ಗದ ಗಿಟಾರನ್ನು ತಂದು ಅದಕ್ಕೆ ತಿರುಪು ಹಾಕಿ ಕೂರಿಸುತ್ತಾರೆ. ಹಾಡುಗಾರ ಆ ಗಿಟಾರನ್ನು ಕಣ್ಣಿನಲ್ಲಿಯೂ ನೋಡಿರುವುದಿಲ್ಲ. ಕೊಂಡವನು ಮಾತ್ರ ಅದನ್ನು ಆತನ ಗಿಟಾರೆಂದೇ ಬಂದವರಿಗೆಲ್ಲ ತೋರಿಸುತ್ತಾನೆ.

ಇದನ್ನೆಲ್ಲ ನಾನು ಪುಸ್ತಕದಲ್ಲಷ್ಟೇ ಓದಿದವಳಲ್ಲ. ಅಮೆರಿಕದಲ್ಲಿರುವ ನಮ್ಮಕ್ಕನ ಮಗನ ಮನೆಯ ಹಜಾರದಲ್ಲಿ ಅಂಥದೊಂದು ಗಿಟಾರು ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ದೇವರ ಗೂಡಿಗಿಂತ ಅದಕ್ಕೆ ಬೆಳಕು ಹೆಚ್ಚು. "ಸ್ವಲ್ಪ ನುಡಿಸಿ ತೋರಿಸೋ" ಎಂದೆ. ಹೌಹಾರಿದ. "ಅಯ್ಯೋ, ಇದನ್ನ ನುಡಿಸೋ ಹಾಗಿಲ್ಲ ಚಿಕ್ಕಮ್ಮ. ಕೈ ತಾಗಿದ್ರೆ ಇಂಕ್ ಅಳಿಸಿಹೋಗುತ್ತೆ" ಎಂದ. ಬಿಸಿಲು ಬಿದ್ದರೂ ಮಾಸುತ್ತದಂತೆ. ಅದಕ್ಕೆ ಕಿಟಕಿಗೆ ದಪ್ಪ ಪರದೆ ಬೇರೆ. ಪಕ್ಕದ ಕೋಣೆಯಲ್ಲಿ ಅವನ ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಾಡಿಗೆಗೆ ತಂದ ಗಿಟಾರಿನಲ್ಲಿ ಪಾಠ ಒಪ್ಪಿಸುತ್ತಿದ್ದಳು. ಅದರ ಒಂದು ತಂತಿ ಎಷ್ಟು ಬಿಗಿ ಮಾಡಿದರೂ ಶ್ರುತಿ ನಿಲ್ಲುತ್ತಿರಲಿಲ್ಲ. ಹೊಸ ತಂತಿ ಯಾವಾಗ ತರುತ್ತೀಯೋ ಎಂದು ಕೇಳಿದ್ದಕ್ಕೆ, ಈ ವಾರ ಪುರುಸೊತ್ತಿಲ್ಲ ಎಂದ.

ಸಂಗೀತದ ಮೇಲಿನ ಭಕ್ತಿ ಇದು ಎನ್ನುವವರಿಗೆ ನಾನು ಕೇಳುವುದಿಷ್ಟೇ. ಪಿಟೀಲನ್ನು, ವೀಣೆಯನ್ನು, ಗಿಟಾರನ್ನು ನುಡಿಸುತ್ತ ಹೋದಂತೆ ನಾದ ಪಕ್ವವಾಗುತ್ತದೆ ಎಂದು ವಾದ್ಯಗಾರರು ಹೇಳುತ್ತಾರೆ. ರುಜು ಬಿದ್ದ ದಿನವೇ ಈ ವಾದ್ಯದ ಬಾಯಿ ಕಟ್ಟಿತು. ಇದು ಎಂಥ ಭಕ್ತಿ? ಹೆಣ್ಣುಮಗಳಿಗೆ ತಾಳಿ ಕಟ್ಟಿದ ಮೇಲೆ ಹಾಡು ಬಿಡಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲೂ ಆಕೆಯನ್ನು ಮನೆಯ ಶೋಭೆ ಎಂದೇ ಕರೆಯುತ್ತಿದ್ದರು.

ಇನ್ನು ಅಸಲಿ ನಕಲಿಯ ಸಂಗತಿ. ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿಯ ಮೇಲೆ ಅಪ್ಪಂದಿರ ರುಜು ನೋಡಿ ಸವೆದ ಕಣ್ಣು ನನ್ನದು. ಅಪ್ಪ ಹಾಕಿದ ರುಜು ಅವಸರದಲ್ಲಿರುತ್ತದೆ, ಮಗ ಹಾಕಿದ್ದು ಅಂದವಾಗಿರುತ್ತದೆ. ಇಷ್ಟು ಗೊತ್ತಿದ್ದರೆ ಏಳನೇ ಇಯತ್ತೆಯ ಕಳ್ಳನನ್ನು ಹಿಡಿಯಬಹುದು. ಆದರೆ ಅಮೆರಿಕದ ಕಳ್ಳರು ಏಳನೇ ಇಯತ್ತೆಯವರಲ್ಲ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಸುಳ್ಳು ಹಸ್ತಾಕ್ಷರಗಳ ದೊಡ್ಡ ಜಾಲವನ್ನೇ ಬೇಟೆಯಾಡಿತು. ಹೆಚ್ಚಿನವು ಆಟಗಾರರ ಹೆಸರಿನವು, ಸಿನಿಮಾದವರದೂ ಇತರ ಖ್ಯಾತರದೂ ಇದ್ದವು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ರುಜು ಹಾಕಿದ ಬೇಸ್‌ಬಾಲ್ ಚೆಂಡೂ ಇತ್ತು! ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಹೋಗುತ್ತಿದ್ದ ಆ ತಾಯಿ ಯಾವಾಗ ಬೇಸ್‌ಬಾಲ್ ಚೆಂಡು ಹಿಡಿದರು ಎಂದು ಕೊಳ್ಳುವವರಿಗೆ ಅನುಮಾನ ಬರುವುದಿಲ್ಲವೇ? ಬರುವುದಿಲ್ಲ. ಯಾಕೆಂದರೆ ಜೊತೆಯಲ್ಲಿ ಒಂದು ಪ್ರಮಾಣಪತ್ರವಿರುತ್ತದೆ. ಅದಕ್ಕೂ ಒಂದು ರುಜು ಇರುತ್ತದೆ. ಆ ರುಜು ಯಾರದು ಎಂದು ಯಾರೂ ಕೇಳುವುದಿಲ್ಲ. ಪೇಟೆಯಲ್ಲಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಇರಬಹುದೆಂಬ ಆ ವ್ಯಾಪಾರದವರದೇ ಅಂದಾಜನ್ನು ಎಫ್‌ಬಿಐ ಆಗ ಎತ್ತಿ ಹೇಳಿತ್ತು.

ಹಳೆಯದಾದರೆ ಅಸಲಿ ಎಂದು ನಂಬುವ ಹಾಗೂ ಇಲ್ಲ. 1960ರ ದಶಕದಲ್ಲಿ ಬೀಟಲ್ಸ್ ತಂಡಕ್ಕೆ ದಿನವೂ ಬುಟ್ಟಿಗಟ್ಟಲೆ ಪುಸ್ತಕ, ಫೋಟೋ ಬರುತ್ತಿದ್ದವು. ಅವರ ಜೊತೆ ಊರೂರು ತಿರುಗುತ್ತಿದ್ದ ಸಹಾಯಕರಾದ ನೀಲ್ ಆಸ್ಪಿನಾಲ್ ಮತ್ತು ಮ್ಯಾಲ್ ಇವಾನ್ಸ್ ಎಷ್ಟೋ ಸಲ ತಾವೇ ಕೂತು ನಾಲ್ವರ ರುಜುವನ್ನೂ ಹಾಕಿ ಕಳಿಸಿಬಿಡುತ್ತಿದ್ದರು. ಹೀಗೆ ಬಂದದ್ದನ್ನು ಕಣ್ಣಿಗೊತ್ತಿಕೊಂಡ ಹುಡುಗಿಯರೆಷ್ಟೋ. ಅವರ ಸಂತೋಷ ಸುಳ್ಳಲ್ಲ, ಅದಕ್ಕೆ ನಾನು ನಗುವುದಿಲ್ಲ. ನಮ್ಮ ಶಾಲೆಯಲ್ಲೂ ಹತ್ತನೇ ತರಗತಿಯವರು ಬೀಳ್ಕೊಡುಗೆಯ ದಿನ ಬಣ್ಣಬಣ್ಣದ ಹಾಳೆಯ ಪುಸ್ತಕ ಹಿಡಿದು ಬರುತ್ತಾರೆ, ಬರೆದುಕೊಡುತ್ತೇನೆ. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಬೆಲೆ ಕಟ್ಟಿದ ಗಳಿಗೆಯಲ್ಲೇ ರುಜುವಿನ ಜಾತಿ ಕೆಡುತ್ತದೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 2008ರಲ್ಲಿ ರೋಸಿಹೋಗಿ, ಅಕ್ಟೋಬರ್ 20ರ ನಂತರ ಬರುವ ಯಾವ ವಸ್ತುವಿಗೂ ರುಜು ಹಾಕುವುದಿಲ್ಲ, ಬಂದದ್ದನ್ನು ಕಸಕ್ಕೆ ಎಸೆಯುತ್ತೇನೆ ಎಂದು ಸಾರಿಬಿಟ್ಟ. ಎಷ್ಟೋ ಜನ ಅವನನ್ನು ಅಹಂಕಾರಿ ಎಂದು ಬೈದರು. ನನಗಂತೂ ಆ ಗುಂಪಿನಲ್ಲಿ ಬುದ್ಧಿ ಇದ್ದವನು ಅವನೇ ಅನ್ನಿಸಿತು.

ಇಷ್ಟೆಲ್ಲ ಹೇಳಿದರೆ, "ಚಿಕ್ಕಮ್ಮ, ಇದು ಇನ್ವೆಸ್ಟ್‌ಮೆಂಟು" ಎನ್ನುತ್ತಾನೆ ನಮ್ಮ ಹುಡುಗ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೆಂಗಸರು ಚೀಟಿ ಹಾಕಿ, ಮನೆಖರ್ಚಿನಲ್ಲಿ ಉಳಿಸಿ ಎರಡು ಬಳೆ ಮಾಡಿಸಿಕೊಂಡರೆ ಅದು ಚಿನ್ನದ ಹುಚ್ಚು. ಗಂಡಸರು ಗೋಡೆಗೆ ಗಿಟಾರು ತಗಲುಹಾಕಿದರೆ ಅದು ಹೂಡಿಕೆ! ಬಳೆಯನ್ನು ಕಷ್ಟಕಾಲದಲ್ಲಿ ಯಾವ ಊರಿನ ಯಾವ ಅಂಗಡಿಗೆ ಒಯ್ದರೂ ತೂಕ ಹಾಕಿ ದುಡ್ಡು ಕೊಡುತ್ತಾರೆ. ಅದನ್ನು ಮೊದಲು ಯಾರು ತೊಟ್ಟಿದ್ದರು ಎಂದು ಕೇಳುವುದಿಲ್ಲ. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿದರೆ ಗುಣ ತಿಳಿಯುತ್ತದೆ. ಉಜ್ಜಿದರೆ ಅಳಿಸಿಯೇಹೋಗುವ ವಸ್ತುವನ್ನು ಇವರು ಆಸ್ತಿ ಎನ್ನುತ್ತಾರೆ. ಕಷ್ಟ ಬಂದ ದಿನ ಅದನ್ನು ಮಾರಲು ಹೋದರೆ, ಮೊದಲು ಹೊಸದಾಗಿ ಪರೀಕ್ಷೆ ಮಾಡಿಸಬೇಕು. ಆಮೇಲೆ ಹರಾಜಿನವರು ತಮ್ಮ ಪಾಲು ಹಿಡಿಯಬೇಕು. ಅಷ್ಟರಲ್ಲಿ ಆ ಹಾಡುಗಾರನ ಹೆಸರು ಹೊಸ ತಲೆಮಾರಿಗೆ ಮರೆತುಹೋಗಿರಬಾರದು. ಅವನು ಕಂಡಕಂಡವರಿಗೆಲ್ಲ ರುಜು ಹಾಕುವವನಾಗಿದ್ದರಂತೂ ಮುಗಿಯಿತು, ಪೇಟೆ ತುಂಬ ಅದೇ.

ಹಾಗಾಗಿ ಪೇಟೆಯವರು ಕಾಯುವುದು ಸಾವಿಗೆ. ಹೇಳಲು ಕಹಿ, ಆದರೆ ಲೆಕ್ಕ ಅದೇ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಮನೆಯಿಂದ ಹೊರಗೆ ಬಂದಾಗ ಒಬ್ಬ ಯುವಕ 'ಡಬಲ್ ಫ್ಯಾಂಟಸಿ' ಎಂಬ ಹೊಸ ಎಲ್‌ಪಿಯನ್ನು ಮುಂದೆ ಹಿಡಿದ. ಲೆನನ್ ರುಜು ಹಾಕಿಕೊಟ್ಟ. ಕೆಲವೇ ಗಂಟೆಗಳ ನಂತರ ಅದೇ ಯುವಕ, ಮಾರ್ಕ್ ಚಾಪ್‌ಮನ್, ಅದೇ ಬಾಗಿಲಲ್ಲಿ ಅವನಿಗೆ ಗುಂಡಿಕ್ಕಿದ. ಆ ಎಲ್‌ಪಿ ಏನಾಯಿತು ಗೊತ್ತೇ? ಸುಟ್ಟುಹಾಕಲಿಲ್ಲ. ಅದೂ ಮಾರಾಟಕ್ಕೆ ಬಂತು, ಒಂದಲ್ಲ ಹಲವು ಸಲ. ಕೊಲೆಗಡುಕನ ಬೆರಳಚ್ಚು ಇದೆಯೆಂಬುದೇ ಅದರ ಹೆಚ್ಚುಗಾರಿಕೆ! ಅದನ್ನು ಕೊಂಡವರು ಯಾವ ಕೋಣೆಯಲ್ಲಿ ಇಟ್ಟುಕೊಂಡು ನಿದ್ದೆ ಮಾಡುತ್ತಾರೋ.

ಕರ್ಟ್ ಕೋಬೇನನ ಗಿಟಾರಿನ ಕತೆ ಇನ್ನೊಂದು ತೆರ. ಅದು ಬರೀ ರುಜುವಿನಿಂದ ಬೆಲೆ ಪಡೆದದ್ದಲ್ಲ, ಆತ ನುಡಿಸಿದ ಗಿಟಾರೇ. 1959ರಲ್ಲಿ ತಯಾರಾದ ಮಾರ್ಟಿನ್ ಕಂಪೆನಿಯ ಡಿ-18ಇ. 1993ರ ನವೆಂಬರಿನಲ್ಲಿ ಟೆಲಿವಿಷನ್ನಿನ ಒಂದು ಕಾರ್ಯಕ್ರಮಕ್ಕೆ ಅದನ್ನು ನುಡಿಸಿ ಹಾಡಿದ. ಮುಂದಿನ ಏಪ್ರಿಲಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ತನ್ನ ಪ್ರಾಣ ತಾನೇ ತೆಗೆದುಕೊಂಡ. ಉಳಿದದ್ದು ಎರಡು ವರ್ಷವೂ ತುಂಬದ ಮಗಳು. ಆಕೆ ದೊಡ್ಡವಳಾಗಿ ಮದುವೆಯಾಗಿ, ಅದು ಮುರಿದು ಕೋರ್ಟಿಗೆ ಹೋದಾಗ ಗಿಟಾರು ತನಗೆ ಮದುವೆಯ ಉಡುಗೊರೆಯಾಗಿ ಬಂದದ್ದು ಎಂದು ಗಂಡ ಹೇಳಿದ, ಅಲ್ಲ ಎಂದು ಆಕೆ ಹೇಳಿದಳು. ಕೊನೆಗೆ 2018ರ ಒಪ್ಪಂದದಲ್ಲಿ ಗಿಟಾರು ಆತನ ಪಾಲಾಯಿತು. 2020ರ ಜೂನಿನಲ್ಲಿ ಹರಾಜಿಗೆ ಬಂದಾಗ 60 ಲಕ್ಷದ 10 ಸಾವಿರ ಡಾಲರು. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಎಂಬ ನಮ್ಮ ಗಾದೆ ಇಲ್ಲಿ ಮಾವನ ಗಿಟಾರನ್ನು ಅಳಿಯ ಮಾರಿದ ಎಂದಾಯಿತು. ಕೊಂಡವರು ಆಸ್ಟ್ರೇಲಿಯಾದ ಮೈಕ್ರೋಫೋನ್ ಕಂಪೆನಿಯೊಂದರ ಮಾಲೀಕರು. ಕಲಾವಿದರ ನೆರವಿಗಾಗಿ ಅದನ್ನು ದೇಶದೇಶಗಳಲ್ಲಿ ಪ್ರದರ್ಶನಕ್ಕಿಡುವುದಾಗಿ ಆಗ ಹೇಳಿದರು. ಒಳ್ಳೆಯದೇ. ಪತ್ರಿಕೆಗಳು ದಾಖಲೆ ಬೆಲೆ, ದಾಖಲೆ ಬೆಲೆ ಎಂದು ಹೊಗಳಿದವು. ಅಪ್ಪನ ಮುಖವೂ ನೆನಪಿರಲಾರದ ಮಗಳಿಗೆ ಆ ಮರದ ತುಂಡಿಗೆ ಎಷ್ಟು ಬೆಲೆ ಇದ್ದಿರಬಹುದು ಎಂದು ಯಾವ ಪತ್ರಿಕೆಯೂ ಲೆಕ್ಕ ಹಾಕಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ತಾನು ದುಡಿದ ಉಪಕರಣವನ್ನು ತಾನೇ ಒಳ್ಳೆಯ ಕೆಲಸಕ್ಕೆ ಮಾರಿದವರೂ ಇದ್ದಾರೆ. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್ಲಿನ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಗಿಟಾರುಗಳನ್ನು ಕೊಂಡು, ಮೂರರ ಭಾಗಗಳನ್ನು ಸೇರಿಸಿ ಒಂದು ಮಾಡಿಕೊಂಡ. 'ಬ್ಲ್ಯಾಕಿ' ಎಂದು ಹೆಸರಿಟ್ಟು ವರ್ಷಗಟ್ಟಲೆ ಅದನ್ನೇ ನುಡಿಸಿ ಸವೆಸಿದ. 2004ರಲ್ಲಿ ಅದು 9 ಲಕ್ಷ 59 ಸಾವಿರದ 500 ಡಾಲರಿಗೆ ಹೋಯಿತು. ಆಂಟಿಗುವಾ ದ್ವೀಪದಲ್ಲಿ ಆತ ಕಟ್ಟಿದ, ಕುಡಿತ ಮತ್ತು ಮಾದಕವಸ್ತು ಬಿಡಿಸುವ ಆಸ್ಪತ್ರೆಗೆ ಆ ಹಣ. ತಾನೇ ಆ ಚಟದಲ್ಲಿ ಬಿದ್ದು ಎದ್ದವನು. ಡೇವಿಡ್ ಗಿಲ್ಮೋರ್ 2019ರಲ್ಲಿ ತನ್ನ ಗಿಟಾರುಗಳ ದೊಡ್ಡ ಸಂಗ್ರಹವನ್ನೇ ಮಾರಿ, ಬಂದ ಎರಡು ಕೋಟಿ ಡಾಲರಿಗೂ ಮೀರಿದ ಹಣವನ್ನು ಪರಿಸರಕ್ಕಾಗಿ ಕೋರ್ಟುಗಳಲ್ಲಿ ಹೋರಾಡುವ ಸಂಸ್ಥೆಗೆ ಕೊಟ್ಟ. ಇವಕ್ಕೆ ನಾನು ಕೈಮುಗಿಯುತ್ತೇನೆ. ಬೆವರು ಬಿದ್ದ ಗಿಟಾರಿಗೂ ಶಾಯಿ ಬಿದ್ದ ಗಿಟಾರಿಗೂ ಅಜಗಜಾಂತರವಿದೆ. ಅಜ್ಜಿಯ ಒನಕೆಯನ್ನು ಜೋಪಾನ ಮಾಡುವುದು ಬೇರೆ, ಅಂಗಡಿಯ ಹೊಸ ಒನಕೆಯ ಮೇಲೆ ಮಂತ್ರಿಗಳ ರುಜು ಹಾಕಿಸಿ ಪೂಜೆ ಮಾಡುವುದು ಬೇರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಆ ಗಿಟಾರನ್ನು ಮಾಡಿದವರು ಯಾರು?

ಫೆಂಡರ್ ಕಂಪೆನಿ ಕಟ್ಟಿದ ಲಿಯೋ ಫೆಂಡರ್‌ಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದು ತಪ್ಪಲ್ಲ, ರೇಡಿಯೋ ರಿಪೇರಿಯ ಕುಶಲಿ ಆತ. 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಹೊರಬಂದಾಗ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನ ಅವನ ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ಬಹಳ. ವಿದ್ಯುತ್ ಗಿಟಾರಿನ ಜೀವ ಇರುವುದು ಪಿಕಪ್ ಎಂಬ ಸುರುಳಿಯಲ್ಲಿ. ಆಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಎಳೆತ ಹೆಚ್ಚಾದರೆ ಕಡಿಯುತ್ತದೆ, ಕಡಿಮೆಯಾದರೆ ಸಡಿಲವಾಗುತ್ತದೆ. ಬೆರಳು ಬಲ್ಲ ಕೆಲಸ. ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ 2013ರಲ್ಲಿ ನಿವೃತ್ತಳಾದಳು. ಐವತ್ತಕ್ಕೂ ಹೆಚ್ಚು ವರ್ಷ ತಂತಿ ಸುತ್ತಿದ ಕೈ! ಕೊನೆಕೊನೆಗೆ ಆಕೆಗೂ ಹೆಸರು ಬಂತು. ಆಕೆ ಸುತ್ತಿದ್ದೇ ಬೇಕೆಂದು ಹೆಚ್ಚು ದುಡ್ಡು ಕೊಟ್ಟು ಕೇಳುವವರು ಬಂದರು. ಆಕೆಯೂ ರುಜು ಹಾಕುತ್ತಿದ್ದಳು, ಆದರೆ ಎಲ್ಲಿ? ಸುರುಳಿಯ ತಳದಲ್ಲಿ. ಗಿಟಾರಿನ ತಿರುಪು ಬಿಚ್ಚಿ ಹೊಟ್ಟೆ ತೆರೆದರೆ ಮಾತ್ರ ಕಾಣುವ ಜಾಗ ಅದು.

1940ರ ದಶಕದ ಮಹಾಯುದ್ಧದ ಕಾಲದಲ್ಲಿ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಗಿಟಾರು ಮಾಡಿದವರು ಹೆಂಗಸರೇ. ಯುದ್ಧದ ವರ್ಷಗಳಲ್ಲಿ ನಾವು ವಾದ್ಯ ಮಾಡುವುದನ್ನು ನಿಲ್ಲಿಸಿದ್ದೆವು ಎಂಬುದೇ ಕಂಪೆನಿಯ ಮಾತಾಗಿತ್ತು! ಕಾರ್ಖಾನೆಯ ಮುಂದೆ ಸಾಲಾಗಿ ಕೂತ, ನಿಂತ ಹತ್ತಾರು ಹೆಂಗಸರ ಹಳೆಯ ಫೋಟೋ ಒಂದನ್ನು ನೋಡಿ ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಕುತೂಹಲದಿಂದ ಬೆನ್ನುಹತ್ತಿ, ಬದುಕಿ ಉಳಿದಿದ್ದ ಕೆಲವರನ್ನು ಹುಡುಕಿ ಮಾತಾಡಿಸಿ ಪುಸ್ತಕ ಬರೆಯುವ ತನಕ ಅವರ ಹೆಸರು ಹೊರಗಿನವರಿಗೆ ತಿಳಿದಿರಲಿಲ್ಲ. ಆಗಿನ ಗಿಟಾರುಗಳನ್ನು ಇಂದು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ನಾದ ಅಷ್ಟು ಚೆನ್ನಾಗಿದೆಯಂತೆ.

ಮರದ ಮಾತೂ ಬಂತು. 1969ರಲ್ಲಿ ಮಾರ್ಟಿನ್ ಕಂಪೆನಿ ಬ್ರೆಜಿಲ್ ದೇಶದ ಮರವನ್ನು ಬಿಟ್ಟು ಭಾರತದ ರೋಸ್‌ವುಡ್ಡಿಗೆ ಬಂತು. ರೋಸ್‌ವುಡ್ ಎಂದರೆ ಇನ್ನೇನಲ್ಲ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳಾದ ಮರವೇ. ಅದು ಬೆಳೆಯಲು ಎಷ್ಟು ತಲೆಮಾರು ಬೇಕೆಂದು ನಮ್ಮ ಹಿರಿಯರನ್ನು ಕೇಳಬೇಕು. ರುಜು ಒಣಗಲು ಒಂದು ನಿಮಿಷ ಸಾಕು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. 1950ರ ದಶಕದ ಫೆಂಡರ್ ಗಿಟಾರು ನಿಜವಾಗಿ ಹಳೆಯದೇ ಎಂದು ಪಂಡಿತರು ಪರೀಕ್ಷಿಸುವುದು ಹೇಗೆ ಗೊತ್ತೇ? ಮುಖದ ಹಲಗೆ ತೆಗೆದು ಒಳಗೆ ನೋಡುತ್ತಾರೆ. ತಂತಿ ಜೋಡಿಸಿದ ಹೆಂಗಸರು ಅಲ್ಲಿ ಒಂದು ತುಂಡು ಅಂಟುಪಟ್ಟಿ ಹಚ್ಚಿ ಅದರ ಮೇಲೆ ತಮ್ಮ ಹೆಸರು ಬರೆದಿರುತ್ತಿದ್ದರು. ಮೇರಿ, ಗ್ಲೋರಿಯಾ, ವರ್ಜೀನಿಯಾ. ಬರೀ ಹೆಸರು, ಮನೆತನದ ಹೆಸರಿಲ್ಲ. ಯಾರು ಜೋಡಿಸಿದ್ದೆಂದು ಗುರುತು ಸಿಗಲಿ ಎಂಬ ಲೆಕ್ಕಕ್ಕೆ ಬರೆದದ್ದಿರಬಹುದು. ಆ ಪಟ್ಟಿ ಇದ್ದರೆ ಗಿಟಾರು ಅಸಲಿ ಎಂಬುದಕ್ಕೆ ಒಂದು ಸಾಕ್ಷಿ. ವಸ್ತು ಸಾಚಾ ಎಂದು ಸಾರಲು ಮೇರಿಯ ಹೆಸರು ಬೇಕು, ದುಡ್ಡು ಎಣಿಸುವಾಗ ಮೇಲಿನ ಗಂಡಸಿನ ಹೆಸರು ಸಾಕು. ಪರೀಕ್ಷೆ ಮುಗಿದ ಮೇಲೆ ಹಲಗೆಯನ್ನು ಮತ್ತೆ ಮುಚ್ಚಿ ತಿರುಪು ಬಿಗಿಯುತ್ತಾರೆ.

ಹರಾಜಿನವರು ಹೊರಡಿಸುವ ದಪ್ಪ ದಪ್ಪ ಪಟ್ಟಿಗಳಲ್ಲಿ ಯಾವ ವರ್ಷದ ಗಿಟಾರು, ಯಾರ ಕೈಲಿತ್ತು, ಯಾವ ಊರಿನ ಕಛೇರಿಯಲ್ಲಿ ನುಡಿಯಿತು, ರುಜು ಕಪ್ಪು ಶಾಯಿಯದೋ ಬೆಳ್ಳಿಯದೋ, ಎಲ್ಲಿ ಗೀರು ಬಿದ್ದಿದೆ, ಪೆಟ್ಟಿಗೆಯ ಬೀಗ ಸರಿಯಿದೆಯೇ ಎಂಬುದನ್ನೆಲ್ಲ ಬರೆಯುತ್ತಾರೆ. ಬೀಗಕ್ಕೆ ಇರುವ ಒಂದು ಸಾಲಿನ ಮರ್ಯಾದೆಯನ್ನು ಒಳಗಿರುವ ಹೆಸರಿಗೂ ಎಲ್ಲ ಪಟ್ಟಿಯಲ್ಲೂ ಕೊಡಲಿ. ತಂತಿ ಜೋಡಿಸಿದ್ದು ಗ್ಲೋರಿಯಾ ಎಂದು ಗೊತ್ತಿದ್ದರೆ ಗ್ಲೋರಿಯಾ ಎಂದು ಅಚ್ಚು ಹಾಕಲಿ, ರುಜು ಹಾಕಿದವನ ಹೆಸರಿನ ಕೆಳಗೇ ಆದರೂ ಚಿಂತೆಯಿಲ್ಲ. ನಮ್ಮ ಹುಡುಗನಿಗೂ ಬರೆದಿದ್ದೇನೆ. ಅವನದು ಹೊಸ ಗಿಟಾರು, ಒಳಗೆ ಹೆಸರು ಇರಲಾರದು. ಆ ಪೆಟ್ಟಿಗೆಯ ದೀಪಕ್ಕೆ ತಿಂಗಳಿಗೆ ಆಗುವ ಖರ್ಚಿನಲ್ಲಿ ಮಗುವಿನ ಗಿಟಾರಿಗೆ ಎಷ್ಟು ಜೊತೆ ತಂತಿ ಬರುತ್ತದೆ ಎಂದು ಕೇಳಿದ್ದೇನೆ. ಲೆಕ್ಕದಲ್ಲಿ ಅವನು ಜಾಣ. ಉತ್ತರ ಇನ್ನೂ ಬಂದಿಲ್ಲ.